ಜುಮ್ ಅನ್ನುವ ಕ್ಯಾಬಿನೆಟ್, ನಾನೂರು ಕ್ಯಾಸೆಟ್

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯಲ್ಲೇ ಸರ್ವರ್ ಇಟ್ಟುಕೊಳ್ಳುವ ವಿಚಾರದವು. ಸಾಗರದಲ್ಲಿ ನಾನು ರಿಪೇರಿ ಅಂಗಡಿ ತೆರೆದದ್ದು 1999ರಲ್ಲಿ. ಆಗ ಸರ್ವರ್ ಅಂದರೆ ಬ್ಯಾಂಕಿನ ಎ.ಸಿ. ಕೋಣೆಯೊಳಗೆ ಬೀಗ ಹಾಕಿಟ್ಟ ವಸ್ತು. ಈಗ ಬುತ್ತಿಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದು ಟಿ.ವಿ. ಪಕ್ಕ ಕೂತು ಇಡೀ ಮನೆಯ ಫೋಟೊ, ಹಾಡು, ಕಾಗದಪತ್ರ ಕಾಯುತ್ತದೆ. ಯಾವ ಪ್ರೊಸೆಸರ್, ಎಷ್ಟು ಜಿಬಿ ಎಂದು ಎಲ್ಲರೂ ಕೇಳಿದ್ದೀರಿ. ಗೋಡೆಯ ಪ್ಲಗ್ ಹೇಗಿದೆ ಎಂದು ಕೇಳಿದವರು ಒಬ್ಬರೇ. ಅವರಿಗೆ ಉದ್ದವಾಗಿಯೇ ಉತ್ತರ ಬರೆದಿದ್ದೇನೆ.

ನನ್ನಲ್ಲಿ ಸುಮಾರು ನಾನೂರು ಯಕ್ಷಗಾನ, ತಾಳಮದ್ದಲೆ ಕ್ಯಾಸೆಟ್‌ಗಳಿವೆ. ಎಲ್ಲವೂ ತೊಂಬತ್ತು ನಿಮಿಷದವು. ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಎಂಥ ಮೆಷಿನ್ ಬೇಕು? ಎರಡು ಡಿಸ್ಕ್ ಹಾಕಿ ರೇಡ್ (ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಆಗಲೇ ಬರೆಯುವ ಏರ್ಪಾಡು) ಮಾಡಿದರೆ ಭಯವಿಲ್ಲ ಎನ್ನುತ್ತಾರೆ, ಹೌದೇ? ಇನ್ನೊಂದು ತೊಂದರೆ: ವಿಂಡೋಸ್‌ನಲ್ಲಿ ಸರಿಯಾಗಿದ್ದ ಕೆಲವು ಕಡತಗಳು ಲಿನಕ್ಸ್ ಮೆಷಿನ್ನಿಗೆ ಹೋಗುತ್ತಿಲ್ಲ, ಹೆಸರು ಉದ್ದವಾಯಿತು ಎನ್ನುತ್ತದೆ.
— ನಿವೃತ್ತ ಶಿಕ್ಷಕರು, ಹೊನ್ನಾವರ

ಮೇಷ್ಟ್ರೇ, ಮೊದಲು ಲೆಕ್ಕ ಹಾಕೋಣ. ಸಿ.ಡಿ. ಗುಣಮಟ್ಟದ ಧ್ವನಿಗೆ ಸೆಕೆಂಡಿಗೆ 1,76,400 ಬೈಟ್ ಬೇಕು. ತೊಂಬತ್ತು ನಿಮಿಷಕ್ಕೆ ಸುಮಾರು 950 ಎಂಬಿ, ನಾನೂರು ಕ್ಯಾಸೆಟ್ಟಿಗೆ 380 ಜಿಬಿ. ಫ್ಲ್ಯಾಕ್ ರೂಪಕ್ಕೆ ತಿರುಗಿಸಿದರೆ ಧ್ವನಿ ಒಂದು ಚೂರೂ ಕಳೆಯದೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ನಿಮಗೆ 1 ಟಿಬಿ ಧಾರಾಳ. ಅಂಗಡಿಯವರು 8 ಟಿಬಿ ತೋರಿಸಿದರೆ ಬೇಡ ಅನ್ನಿ. ಉಳಿಯುವ ದುಡ್ಡಿಗೆ ಬೇರೆ ಕೆಲಸವಿದೆ, ಮುಂದೆ ಹೇಳುತ್ತೇನೆ.

ಮೆಷಿನ್ ಹೊಸದೇ ಆಗಬೇಕಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಎಂಟನೇ ತಲೆಮಾರಿಗಿಂತ ಹಳೆಯ ಇಂಟೆಲ್ ಪ್ರೊಸೆಸರ್‌ಗಳು ಬಹುತೇಕ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಹಾಗಾಗಿ ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊ ಥಿಂಕ್‌ಸೆಂಟರ್ ಟೈನಿ ತರಹದ ಆಫೀಸಿನ ಪುಟ್ಟ ಪೆಟ್ಟಿಗೆಗಳು ಸೆಕೆಂಡ್ ಹ್ಯಾಂಡ್‌ಗೆ ಬರುತ್ತವೆ. ವಿಂಡೋಸ್ ಬದಲು ಹಾಕುವ ಡೆಬಿಯನ್ ಲಿನಕ್ಸ್ ಅವುಗಳ ಮೇಲೆ ಆರಾಮಾಗಿ ಓಡುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಆನ್ ಮಾಡಿಸಿ, ಬಯೋಸ್ (ಮೆಷಿನ್ ಶುರುವಾಗುವಾಗ ಸಿಗುವ ಮೂಲ ಸೆಟ್ಟಿಂಗ್) ಒಳಗೆ ಹೋಗಿ ತೋರಿಸಿ ಎಂದು ಕೇಳಿ. ಪಾಸ್‌ವರ್ಡ್ ಬಿಗಿದ ಬಯೋಸ್ ಇದ್ದರೆ ಎಷ್ಟು ಅಗ್ಗವಾದರೂ ಬೇಡ. ಅಡಾಪ್ಟರ್ ಅದೇ ಕಂಪನಿಯದ್ದೇ ಇರಲಿ. ಜೊತೆಗೆ ಬರುವ ಹಳೇ ಹಾರ್ಡ್ ಡಿಸ್ಕನ್ನು ನಂಬಬೇಡಿ. ಇಟ್ಟುಕೊಳ್ಳಲೇಬೇಕು ಅಂತಿದ್ದರೆ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ದಾಖಲೆ) ತೆಗೆದು 5 ಮತ್ತು 197 ಎಂಬ ಐಡಿ ಇರುವ ಸಾಲುಗಳನ್ನು ನೋಡಿ. ಅಲ್ಲಿ ‘ರಾ ವ್ಯಾಲ್ಯೂ’ ಅಂಕಣದಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಕಂಡರೆ ನಿಮ್ಮ ಧ್ವನಿ ಅದರ ಮೇಲೆ ಇಡಬೇಡಿ. 199ನೇ ಸಾಲು ಮಾತ್ರ ಏರುತ್ತಿದ್ದರೆ ಡಿಸ್ಕ್ ಬಿಸಾಡುವ ಮೊದಲು ಕೇಬಲ್ ಬದಲಿಸಿ ನೋಡಿ.

ಮನೆಯಲ್ಲಿರುವ ಹಳೇ ಟವರ್ ಕಂಪ್ಯೂಟರನ್ನೇ ಸರ್ವರ್ ಮಾಡಬಹುದಲ್ಲ ಎಂದು ಕೇಳಿದ್ದೀರಿ. ಮಾಡಬಹುದು, ಆದರೆ ವರ್ಷವಿಡೀ ಉರಿಯುವ ಒಂದೊಂದು ವ್ಯಾಟ್ 8.76 ಯೂನಿಟ್ ತಿನ್ನುತ್ತದೆ. 60 ವ್ಯಾಟಿನ ಟವರ್ ವರ್ಷಕ್ಕೆ 525 ಯೂನಿಟ್, 12 ವ್ಯಾಟಿನ ಪುಟ್ಟ ಪೆಟ್ಟಿಗೆ 105 ಯೂನಿಟ್. ವ್ಯತ್ಯಾಸ ಎಷ್ಟಾಗುತ್ತದೆ ಎಂದು ನಿಮ್ಮ ಕರೆಂಟ್ ಬಿಲ್ ಎದುರಿಗಿಟ್ಟುಕೊಂಡು ಗುಣಿಸಿ ನೋಡಿ.

ಇನ್ನು ರೇಡ್. ಇದನ್ನು ನಾನು ನೊಂದು ಕಲಿತವಳು. ಅಮ್ಮ ತೀರಿಕೊಳ್ಳುವ ಮೊದಲು ಅವಳ ಮದುವೆ ಹಾಡುಗಳನ್ನು, ಹಸೆಗೆ ಕರೆಯುವುದರಿಂದ ಹಿಡಿದು ಹೆಣ್ಣೊಪ್ಪಿಸುವ ಹಾಡಿನ ತನಕ, ರೆಕಾರ್ಡ್ ಮಾಡಿಟ್ಟಿದ್ದೆ. ನಲವತ್ತೆರಡು ಹಾಡು. ಅಂಗಡಿಯ ಮೆಷಿನ್ನಿನಲ್ಲಿ ಎರಡು ಡಿಸ್ಕ್, ಒಂದರಲ್ಲಿದ್ದದ್ದೇ ಇನ್ನೊಂದರಲ್ಲಿ. 2013ರ ಮೇ ತಿಂಗಳ ಒಂದು ಸಂಜೆ ಸಿಡಿಲು ಬಡಿಯಿತು. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಸುಟ್ಟಿತು, ಅದರ ಜೊತೆ ಎರಡೂ ಡಿಸ್ಕಿನ ಬೋರ್ಡ್ ಸುಟ್ಟವು. ಒಂದೇ ಪೆಟ್ಟಿಗೆ, ಒಂದೇ ತಂತಿ, ಒಂದೇ ಕ್ಷಣ. ತಂಗಿಯ ಫೋನಿನಲ್ಲಿ ಆರು ಹಾಡಿದ್ದವು. ಅಷ್ಟೇ ಉಳಿದದ್ದು.

ಹಾಗಾಗಿ ಹೇಳುತ್ತೇನೆ: ರೇಡ್ ಒಂದು ಡಿಸ್ಕ್ ಸತ್ತ ದಿನ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ, ಅಷ್ಟಕ್ಕೆ ಒಳ್ಳೆಯದು. ನೀವು ಕೈತಪ್ಪಿ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ವೈರಸ್ ಬಂದರೆ ಎರಡಕ್ಕೂ ಬರುತ್ತದೆ. ನಿಮಗೆ ಬೇಕಾದದ್ದು ಬೇರೆ ಬೇರೆ ಜಾಗದಲ್ಲಿ ಇರುವ ಪ್ರತಿಗಳು. ಒಂದು ಮೆಷಿನ್ನಿನಲ್ಲಿರಲಿ. ಇನ್ನೊಂದು ಯುಎಸ್‌ಬಿ ಡಿಸ್ಕಿನಲ್ಲಿ, ತಂತಿ ಕಿತ್ತು ಬೀರುವಿನೊಳಗೆ. ಮೂರನೆಯದು ಬೆಂಗಳೂರಿನ ಮಗನ ಮನೆಯಲ್ಲಿ. 8 ಟಿಬಿ ಬೇಡ ಎಂದದ್ದು ಇದಕ್ಕೇ, ಆ ದುಡ್ಡಲ್ಲಿ 1 ಟಿಬಿಯ ಎರಡು ಡಿಸ್ಕ್ ಬರುತ್ತವೆ. ಮಗ ಹಬ್ಬಕ್ಕೆ ಬಂದಾಗೆಲ್ಲ ಅದಲುಬದಲು ಮಾಡಿಕೊಳ್ಳಿ. ಬೀರುವಿನ ಡಿಸ್ಕನ್ನು ವರ್ಷಕ್ಕೆರಡು ಸಲ ಹಚ್ಚಿ, ಯಾವುದಾದರೂ ಒಂದು ಪ್ರಸಂಗವನ್ನು ಹತ್ತು ನಿಮಿಷ ಕೇಳಿ ನೋಡಿ. ಕೇಳಿ ನೋಡದ ಪ್ರತಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹೆಸರಿನ ತೊಂದರೆ ಕನ್ನಡದವರಿಗೇ ವಿಶೇಷವಾಗಿ ಕಾಡುವಂಥದ್ದು, ಬಿಡಿಸಿ ಹೇಳುತ್ತೇನೆ. ಹೆಸರಿಗೆ 255ರ ಮಿತಿ ಎರಡೂ ಕಡೆ ಇದೆ. ಆದರೆ ವಿಂಡೋಸ್ ಎಣಿಸುವುದು ಚಿಹ್ನೆಗಳನ್ನು, ಲಿನಕ್ಸ್‌ನ ಇಎಕ್ಸ್‌ಟಿ4 (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ) ಎಣಿಸುವುದು ಬೈಟ್‌ಗಳನ್ನು. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೇಕು. ಗುಣಿತದ ಗುರುತೂ ಒಂದು ಚಿಹ್ನೆ, ಒತ್ತಕ್ಷರ ಕೂಡಿಸುವ ವಿರಾಮದ ಗುರುತೂ ಒಂದು ಚಿಹ್ನೆ. ‘ಯಕ್ಷಗಾನ’ ನಮ್ಮ ಕಣ್ಣಿಗೆ ನಾಲ್ಕಕ್ಷರ, ಯಂತ್ರಕ್ಕೆ ಏಳು ಚಿಹ್ನೆ, 21 ಬೈಟ್. ಅಂದರೆ ಲಿನಕ್ಸ್‌ನಲ್ಲಿ ಕನ್ನಡಕ್ಕೆ ಸಿಗುವುದು 85 ಚಿಹ್ನೆ ಮಾತ್ರ. ನೀವು ಪ್ರಸಂಗ, ಭಾಗವತರು, ಅರ್ಥಧಾರಿಗಳು, ಊರು, ತಾರೀಖು ಎಲ್ಲವನ್ನೂ ಹೆಸರಿನಲ್ಲೇ ಬರೆದಿದ್ದೀರಿ. ಕಡತಕ್ಕೆ ‘0137-ಕರ್ಣಪರ್ವ’ ಎಂದಷ್ಟೇ ಇಟ್ಟು, ಉಳಿದದ್ದನ್ನು ಫ್ಲ್ಯಾಕ್ ಒಳಗಿನ ಟ್ಯಾಗಿಗೂ ಒಂದು ಎಕ್ಸೆಲ್ ಹಾಳೆಗೂ ಬರೆಯಿರಿ. ಕ್ಯಾಸೆಟ್ಟಿನ ಬೆನ್ನಿಗೂ ಅದೇ 0137 ಅಂಟಿಸಿ.

ನೀವು ಕೇಳದಿದ್ದರೂ ಒಂದು ಮಾತು. ಪ್ಲೇಯರ್‌ನ ಹೆಡ್ (ಟೇಪನ್ನು ಓದುವ ಭಾಗ) ಪಕ್ಕ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಪ್ರತಿ ಕ್ಯಾಸೆಟ್ ಹಾಕಿದಾಗಲೂ ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಭಾಗವತರ ತಾಳದ ಸದ್ದು ಮೊನಚಾಗಿ ಕೇಳುವ ಕಡೆ ನಿಲ್ಲಿಸಿ. ಹಾಗೆ ಮಾಡದೆ ಇಳಿಸಿದರೆ ಚೂಪು ಸ್ವರಗಳು ಮಂಕಾಗುತ್ತವೆ, ಆಮೇಲೆ ಯಾವ ಸಾಫ್ಟ್‌ವೇರೂ ಅವನ್ನು ಪೂರ್ತಿ ಹಿಂದಕ್ಕೆ ತರುವುದಿಲ್ಲ.

ಕಂಪ್ಯೂಟರ್ ಕ್ಯಾಬಿನೆಟ್ ಬರಿಗಾಲಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ. ಎಸ್‌ಎಂಪಿಎಸ್ ಬದಲಿಸಿದೆ, ಹೋಗಲಿಲ್ಲ. ಕಳೆದ ತಿಂಗಳು ಟಿ.ವಿ.ಯ ಎಚ್‌ಡಿಎಂಐ ಪೋರ್ಟ್ ಹೋಯಿತು. ನಮ್ಮ ಗೋಡೆಯ ಪ್ಲಗ್ಗಿನಲ್ಲೇ ದೋಷ ಇರಬಹುದೇ?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಹೌದು, ಅಲ್ಲೇ ಇದೆ. ನೀವು ಎಷ್ಟು ಎಸ್‌ಎಂಪಿಎಸ್ ಬದಲಿಸಿದರೂ ಅದು ಹೋಗುವುದಿಲ್ಲ, ಯಾಕೆಂದರೆ ಅದು ಎಸ್‌ಎಂಪಿಎಸ್‌ನ ತಪ್ಪಲ್ಲ. ಅದರೊಳಗೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪಾಸಿಟರ್ ಕ್ಯಾಬಿನೆಟ್ ತಗಡಿಗೆ ಸೇರಿರುತ್ತವೆ. ಗಲಾಟೆ ಕರೆಂಟನ್ನು ಅರ್ಥಿಂಗ್‌ಗೆ ಕಳಿಸುವುದು ಅವುಗಳ ಕೆಲಸ. ಅರ್ಥಿಂಗ್ ಇಲ್ಲದಿದ್ದರೆ ಆ ತಗಡು 230 ವೋಲ್ಟಿನ ಅರ್ಧದಲ್ಲಿ, ನೂರಾ ಹತ್ತು–ಹದಿನೈದು ವೋಲ್ಟಿನ ಆಸುಪಾಸಿನಲ್ಲಿ, ತೇಲುತ್ತಾ ಇರುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆ, ಅದಕ್ಕೇ ಜುಮ್ ಅಂದು ಬಿಡುತ್ತದೆ. ಆದರೆ ಆನ್ ಇರುವಾಗಲೇ ಎಚ್‌ಡಿಎಂಐ ತಂತಿ ಚುಚ್ಚಿದರೆ ಅದೇ ವೋಲ್ಟೇಜ್ ಸಣ್ಣ ಪಿನ್‌ಗಳ ಮೂಲಕ ದಾರಿ ಹುಡುಕುತ್ತದೆ. ನಿಮ್ಮ ಟಿ.ವಿ. ಪೋರ್ಟ್ ಹೋದದ್ದು ಬಹುಶಃ ಹಾಗೆ.

ವೈರ್‌ಮನ್ ಕರೆಸಿ, ನಿಮ್ಮೆದುರಿಗೇ ಮೂರು ಅಳತೆ ತೆಗೆಸಿ. ಫೇಸ್–ನ್ಯೂಟ್ರಲ್ ಸುಮಾರು 230 ಬರಬೇಕು. ಫೇಸ್–ಅರ್ಥ್ ಕೂಡ ಅಷ್ಟೇ. ನ್ಯೂಟ್ರಲ್–ಅರ್ಥ್ ಒಂದೆರಡು ವೋಲ್ಟಿಗಿಂತ ಹೆಚ್ಚಿರಬಾರದು. ಎರಡನೆಯ ಅಳತೆ 90, 140 ಅಂತ ಕುಣಿಯುತ್ತಿದ್ದರೆ ಮೂರನೇ ತೂತಿಗೆ ತಂತಿಯೇ ಬಂದಿಲ್ಲ ಅಂತ ತಿಳಿಯಿರಿ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಇದು ಸರ್ವೇಸಾಮಾನ್ಯ: ಮೂರು ಪಿನ್ನಿನ ಸಾಕೆಟ್, ಹಿಂದೆ ಎರಡೇ ತಂತಿ.

ಈ ಸಂದರ್ಭದಲ್ಲಿ ಕೆಲವರು ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು ತುಂಡು ತಂತಿ ಜೋಡಿಸಿ, ಆಯ್ತು ನೋಡಿ ಎನ್ನುತ್ತಾರೆ. ಜುಮ್ ಅನ್ನುವುದು ನಿಲ್ಲುತ್ತದೆ, ಅಳತೆಯೂ ಸರಿಯಾಗಿ ಬರುತ್ತದೆ. ದಯವಿಟ್ಟು ಇದನ್ನು ಮಾಡಿಸಿಕೊಳ್ಳಬೇಡಿ. ಮಳೆಗಾಲದಲ್ಲಿ ಮರ ಬಿದ್ದು ನ್ಯೂಟ್ರಲ್ ತುಂಡಾದ ದಿನ ಕ್ಯಾಬಿನೆಟ್, ಫ್ರಿಜ್, ಗ್ರೈಂಡರ್ ಎಲ್ಲದರ ಮೈಮೇಲೂ ಪೂರ್ತಿ 230 ವೋಲ್ಟ್ ಬಂದು ಕೂರುತ್ತದೆ. ಸಾಕೆಟ್ ಬಿಚ್ಚಿಸಿ, ಅಂಥ ತುಂಡು ಇಲ್ಲವೆಂದು ಕಣ್ಣಾರೆ ನೋಡಿ.

ಸರಿಯಾದ ದಾರಿ ಅರ್ಥಿಂಗ್ ಗುಂಡಿ. ಗುಂಡಿ ಇದ್ದರೂ ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅದು ಕೆಲಸ ಮಾಡುವುದಿಲ್ಲ. ಇದ್ದಿಲು, ಉಪ್ಪು ಹಾಕುವುದು ತೇವ ಹಿಡಿದಿಡಲಿ, ಕರೆಂಟ್ ಸಲೀಸಾಗಿ ಇಳಿಯಲಿ ಅಂತಲೇ. ಫೆಬ್ರವರಿಯಿಂದ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ. ಜೊತೆಗೆ ಮೈನ್ ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನಾಗಿ ಆಫ್ ಆಗುವ ಸ್ವಿಚ್) ಹಾಕಿಸಿ, ಅದು ಕಾಯುವುದು ಮನುಷ್ಯರ ಜೀವವನ್ನು.

ಗುಡುಗು ಶುರುವಾದಾಗ ಪ್ಲಗ್ ಕಿತ್ತರೆ ಸಾಲದು, ನೆಟ್‌ವರ್ಕ್ ತಂತಿಯನ್ನೂ ಕಿತ್ತಿಡಿ. ಫೈಬರ್‌ನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ನಿಜ. ಆದರೆ ಕಂಬದಿಂದ ಕಂಬಕ್ಕೆ ಎಳೆಯುವ ಕೇಬಲ್ಲಿಗೆ ಆಧಾರವಾಗಿ ಉಕ್ಕಿನ ತಂತಿ ಇರುವುದುಂಟು. ಅದು ಮನೆಯೊಳಗಿನ ಪೆಟ್ಟಿಗೆಯವರೆಗೂ ಬಂದಿದ್ದರೆ ಹೊರಗೋಡೆಯಲ್ಲೇ ಕತ್ತರಿಸಿ ನಿಲ್ಲಿಸಲು ಹೇಳಿ.

ಹೊಸ ಗಿಗಾಬಿಟ್ ರೂಟರ್, ಹೊಸ ಎಸ್‌ಎಸ್‌ಡಿ. ಆದರೂ ಕಡತ ಕಾಪಿ ಮಾಡಿದರೆ ಸೆಕೆಂಡಿಗೆ 11 ಎಂಬಿ ದಾಟುತ್ತಿಲ್ಲ.
— ಓದುಗರು, ದಾವಣಗೆರೆ

ಆ ಹನ್ನೊಂದೇ ಉತ್ತರ ಹೇಳುತ್ತಿದೆ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ನಿಮ್ಮ ನೆಟ್‌ವರ್ಕ್ ತಂತಿ 100 ಮೆಗಾಬಿಟ್‌ನಲ್ಲಿ ನಿಂತಿದೆ. ಗಿಗಾಬಿಟ್ ಆಗಿದ್ದರೆ 110ರ ಹತ್ತಿರ ಬರುತ್ತಿತ್ತು. 100 ಮೆಗಾಬಿಟ್ಟಿಗೆ ನಾಲ್ಕು ಎಳೆ ಸಾಕು, ಗಿಗಾಬಿಟ್ಟಿಗೆ ಎಂಟೂ ಬೇಕು. ತಂತಿ ಎಳೆದವರು ನಾಲ್ಕನ್ನೇ ಕ್ರಿಂಪ್ ಮಾಡಿ ಉಳಿದದ್ದನ್ನು ಕತ್ತರಿಸಿರಬಹುದು, ಅಥವಾ ನೀಲಿ, ಕಂದು ಜೋಡಿಯಲ್ಲಿ ಒಂದು ಎಳೆ ಒಳಗೇ ಮುರಿದಿರಬಹುದು. ಪ್ಲಾಸ್ಟಿಕ್ ತುದಿಯನ್ನು ಬೆಳಕಿಗೆ ಹಿಡಿದು ಬಣ್ಣ ಎಣಿಸಿ. ಹೊಸ ತಂತಿ ಕೊಳ್ಳುವಾಗ ಕ್ಯಾಟ್ 5ಇ ಅಥವಾ ಕ್ಯಾಟ್ 6, ಅದೂ ಶುದ್ಧ ತಾಮ್ರದ್ದು. ತುದಿ ಕೆರೆದಾಗ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ.

ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು 2009ಕ್ಕೆ ಹೋಗುತ್ತದೆ, ಒಂದು ವೆಬ್‌ಸೈಟೂ ತೆರೆಯುವುದಿಲ್ಲ. ಮದರ್‌ಬೋರ್ಡ್ ಹೋಗಿದೆ ಎಂದರು.
— ಓದುಗರು, ಬಳ್ಳಾರಿ

ಮದರ್‌ಬೋರ್ಡಿಗೆ ದುಡ್ಡು ಕೊಡುವ ಮೊದಲು ಅದರ ಮೇಲಿನ ಸಿಆರ್2032 ಸೆಲ್ ಬದಲಿಸಿ, ದೊಡ್ಡ ಗುಂಡಿಯಷ್ಟಿರುತ್ತದೆ, 3 ವೋಲ್ಟಿನದು. ಸೈಟ್ ತೆರೆಯದಿರುವುದಕ್ಕೂ ತಾರೀಖೇ ಕಾರಣ: ವೆಬ್‌ಸೈಟುಗಳು ತೋರಿಸುವ ಇವತ್ತಿನ ಗುರುತಿನ ಪ್ರಮಾಣಪತ್ರಗಳು 2009ರಲ್ಲಿ ಇನ್ನೂ ಹುಟ್ಟಿಯೇ ಇರಲಿಲ್ಲ ಎಂದು ಬ್ರೌಸರ್ ನಿರಾಕರಿಸುತ್ತದೆ.

ಕುಂದಾಪುರದ ಮನೆಯ ಸರ್ವರ್‌ನಲ್ಲಿರುವ ಫೋಟೊಗಳನ್ನು ಪುಣೆಯಿಂದ ನೋಡಬೇಕು. ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಸರ್ವರ್‌ಗೆ ಬರಲು ರೂಟರ್‌ನಲ್ಲಿ ದಾರಿ ತೆರೆಯುವುದು) ಮಾಡಿದರೂ ಆಗುತ್ತಿಲ್ಲ.
— ಓದುಗರು, ಪುಣೆ

ರೂಟರ್ ಪುಟದಲ್ಲಿ ಹೊರಗಿನ ಐಪಿ, ಅಂದರೆ ಇಂಟರ್ನೆಟ್ಟಿನಲ್ಲಿ ನಿಮ್ಮ ವಿಳಾಸ, ನೋಡಿ. ಅದು 100.64ರಿಂದ 100.127ರ ನಡುವೆ ಇದ್ದರೆ, ನಿಮ್ಮ ಇಂಟರ್ನೆಟ್ ಕಂಪನಿ ಎಷ್ಟೋ ಮನೆಗಳಿಗೆ ಸೇರಿಸಿ ಒಂದೇ ಹೊರ ವಿಳಾಸ ಕೊಟ್ಟಿದೆ. ಅಂಥ ಕಡೆ ಪೋರ್ಟ್ ತೆರೆದು ಪ್ರಯೋಜನವಿಲ್ಲ, ಹೊರಗಿನವರು ನಿಮ್ಮ ರೂಟರ್ ತನಕ ಬರುವುದೇ ಇಲ್ಲ. ಟೇಲ್‌ಸ್ಕೇಲ್ ಎಂಬ ಸಾಫ್ಟ್‌ವೇರ್ ಹಾಕಿ. ಅದು ವೈರ್‌ಗಾರ್ಡ್ ಎಂಬ ಗುಪ್ತ ಸಂಪರ್ಕದ ವಿಧಾನದ ಆಧಾರದ ಮೇಲೆ ಎರಡೂ ಕಡೆಯಿಂದ ಹೊರಗೆ ಕೈಚಾಚಿ ಸೇರಿಸುತ್ತದೆ, ಪೋರ್ಟ್ ತೆರೆಯುವ ಪ್ರಮೇಯವೇ ಇಲ್ಲ. ನಿಜವಾದ ಹೊರ ವಿಳಾಸ ಸಿಕ್ಕಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಅಪ್ಪ ಅಮ್ಮನ ಫೋಟೊ ಇರುವ ಮೆಷಿನ್ನಿನ ಬಾಗಿಲನ್ನು ಇಡೀ ಲೋಕಕ್ಕೆ ತೆರೆದಿಡುವುದು ಬೇಡ.

ಅಕ್ಕ, ನಾನು ಒಂಬತ್ತನೇ ಕ್ಲಾಸು. ಮಾವ ಹಳೇ ಕಂಪ್ಯೂಟರ್ ಕೊಟ್ಟಿದ್ದಾರೆ. ಫ್ಯಾನ್ ತಿರುಗುತ್ತದೆ, ಬೀಪ್ ಬೀಪ್ ಅನ್ನುತ್ತದೆ, ಪರದೆ ಕಪ್ಪು. ನಾನೇ ಬಿಚ್ಚಬಹುದಾ? ಅಪ್ಪ ಬೇಡ ಅನ್ನುತ್ತಾರೆ.
— ವಿದ್ಯಾರ್ಥಿನಿ, ಗದಗ

ಬಿಚ್ಚಬಹುದು ಪುಟ್ಟಿ. ಅಪ್ಪನಿಗೆ ಇದನ್ನು ಓದಿ ಹೇಳಿ, ಪಕ್ಕದಲ್ಲೇ ಕೂರಿಸಿಕೊ. ಮೊದಲು ಗೋಡೆಯ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ಅಪ್ಪನಿಗೆ ತೋರಿಸು. ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿ, ಉಳಿದ ಕರೆಂಟ್ ಇಳಿಯಲಿ. ಫ್ಯಾನಿರುವ ತಗಡಿನ ಡಬ್ಬಿ, ಎಸ್‌ಎಂಪಿಎಸ್, ಅದನ್ನು ಮಾತ್ರ ಯಾವತ್ತೂ ಬಿಚ್ಚಬೇಡ. ಅದರೊಳಗೆ 300 ವೋಲ್ಟಿಗಿಂತ ಹೆಚ್ಚು ತುಂಬಿಕೊಳ್ಳುವ ಕೆಪಾಸಿಟರ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಹಿಡಿದುಕೊಂಡಿರುತ್ತದೆ.

ಪಕ್ಕದ ಬಾಗಿಲು ತೆಗೆದ ಕೂಡಲೇ ಏನನ್ನೂ ಮುಟ್ಟದೆ ಅಪ್ಪನ ಫೋನಿನಲ್ಲಿ ನಾಲ್ಕು ಫೋಟೊ ತೆಗೆ. ಕ್ಯಾಬಿನೆಟ್‌ನ ಬಣ್ಣವಿಲ್ಲದ ತಗಡು ಒಮ್ಮೆ ಮುಟ್ಟು, ನಿನ್ನ ಮೈಯ ಸ್ಥಾಯೀವಿದ್ಯುತ್ ಇಳಿಯಲಿ. ಉದ್ದನೆಯ ಹಸಿರು ಪಟ್ಟಿಗಳಿವೆಯಲ್ಲ, ಅದು ರ‍್ಯಾಮ್. ಎರಡು ಬದಿಯ ಕ್ಲಿಪ್ ಹೊರಕ್ಕೆ ತಳ್ಳಿದರೆ ಎದ್ದು ಬರುತ್ತದೆ. ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿಯನ್ನು ಒಣ ಬ್ರಷ್ಷಿನಿಂದ ತೆಗೆ. ಎರಡು ಪಟ್ಟಿ ಇದ್ದರೆ ಒಂದನ್ನೇ ಹಾಕು. ನಡುವಿನ ಕಚ್ಚು ಸಾಕೆಟ್‌ನ ಉಬ್ಬಿಗೆ ಸರಿಹೊಂದಿದೆಯೇ ನೋಡಿ, ಎರಡೂ ತುದಿಗೆ ಹೆಬ್ಬೆರಳಿಟ್ಟು ಒತ್ತು. ಕ್ಲಿಪ್ ತಾನಾಗಿ ಟಕ್ ಎಂದು ಮುಚ್ಚಬೇಕು, ಎರಡೂ ಕಡೆ. ಆ ಸದ್ದು ಕೇಳಿದ ಮೇಲೆ ಪ್ಲಗ್ ಹಾಕಿ ಆನ್ ಮಾಡು. ಪರದೆ ಬರದಿದ್ದರೆ ಇನ್ನೊಂದು ಪಟ್ಟಿ, ಆಮೇಲೆ ಇನ್ನೊಂದು ಸಾಕೆಟ್. ಪ್ರತಿ ಸಲ ಪ್ಲಗ್ ಕಿತ್ತೇ ಕೈ ಹಾಕು.

ಆಗಲೂ ಬರದಿದ್ದರೆ ಬೋರ್ಡಿನ ಮೇಲೆ ಬರೆದಿರುವ ಕಂಪನಿ ಹೆಸರು, ಮಾಡೆಲ್ ನಂಬರು, ಬೀಪ್ ಎಷ್ಟು ಸಲ ಬರುತ್ತದೆ, ಅದರಲ್ಲಿ ಉದ್ದದ್ದೆಷ್ಟು ಗಿಡ್ಡದ್ದೆಷ್ಟು ಎಂದು ಬರೆದು ಕಳಿಸು. ಮುಂದಿನ ಸಂಚಿಕೆಯಲ್ಲಿ ನಿನ್ನ ಪತ್ರಕ್ಕೇ ಮೊದಲ ಉತ್ತರ.