ನನ್ನ ಎಂಎಚ್‌ಸಿ ಅಲೀಲ್ ನೆರೆಯವನದಕ್ಕಿಂತ ಚಿಂಪಾಂಜಿಯದನ್ನೇ ಹೆಚ್ಚು ಹೋಲಬಹುದೇ?

ಖಂಡಿತ ಹೋಲಬಹುದು. ಎಂಎಚ್‌ಸಿ ಎಂದರೆ ರೋಗಾಣುಗಳ ತುಣುಕುಗಳನ್ನು ರೋಗನಿರೋಧಕ ಕೋಶಗಳಿಗೆ ತೋರಿಸುವ ಪ್ರೋಟೀನ್‌ಗಳ ಜೀನ್‌ಗಳು; ಅಲೀಲ್ ಎಂದರೆ ಒಂದೇ ಜೀನಿನ ಬೇರೆ ಬೇರೆ ರೂಪ. ಇದನ್ನು ವಿವರಿಸಿದವರು ರೋಗನಿರೋಧಕ ವಿಜ್ಞಾನಿ ಯಾನ್ ಕ್ಲೈನ್. ಅವರ ಕೆಲಸ ಶುರುವಾದದ್ದು ಇಲಿಗಳ ಎಂಎಚ್‌ಸಿಯಾದ ಎಚ್-2ರಿಂದ, ಅಂದರೆ ಕಸಿ ಮಾಡಿದ ಚರ್ಮ ಒಗ್ಗುತ್ತದೋ ಇಲ್ಲವೋ ಎಂದು ನಿರ್ಧರಿಸುವ ಜೀನ್‌ಗಳಿಂದ. 1977ರಿಂದ ಜರ್ಮನಿಯ ಟ್ಯೂಬಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ನಿರ್ದೇಶಕರಾಗಿದ್ದರು.

ಅವರ ವಾದ ಇಷ್ಟೇ: ಈ ಅಲೀಲ್‌ಗಳು ಪ್ರಭೇದಗಳಿಗಿಂತ ಹಳೆಯವು. ಪೂರ್ವಜರ ಗುಂಪಿನಲ್ಲಿದ್ದ ಹಲವು ಅಲೀಲ್ ವಂಶಾವಳಿಗಳು ಮನುಷ್ಯ, ಚಿಂಪಾಂಜಿ ಎರಡೂ ಕವಲಿಗೆ ದಾಟಿಬಂದವು. ರೋಗಾಣುಗಳ ಒತ್ತಡ ವೈವಿಧ್ಯವನ್ನು ಕಾಯುವುದರಿಂದ ಅವು ಅಳಿಯಲಿಲ್ಲ. ಎಂಎಚ್‌ಸಿಯ ಡಿಆರ್‌ಬಿ1 ಜೀನ್ ಇದಕ್ಕೆ ಒಳ್ಳೆಯ ಉದಾಹರಣೆ.

ಹಾಗಾಗಿ ಎಂಎಚ್‌ಸಿ ಇಟ್ಟುಕೊಂಡು ಪ್ರಭೇದಗಳ ವಂಶವೃಕ್ಷ ಬರೆದರೆ ತಪ್ಪುತ್ತದೆ. ಇನ್ನೊಂದು ಎಡವಟ್ಟು: ಪೆಪ್ಟೈಡ್ (ಪ್ರೋಟೀನಿನ ತುಣುಕು) ಕೂರುವ ತೋಡನ್ನು ಬರೆಯುವ ಜೀನ್ ಭಾಗವಾದ ಎಕ್ಸಾನ್ 2ನ್ನು ಮಾತ್ರ ಹೋಲಿಸುವುದು. ಅಲ್ಲಿ ಆಯ್ಕೆಯ ಒತ್ತಡದಿಂದಲೇ ಹೋಲಿಕೆ ಹುಟ್ಟಬಹುದು. ಪಕ್ಕದ, ಪ್ರೋಟೀನ್ ಬರೆಯದ ಇಂಟ್ರಾನನ್ನೂ, ಅಮೈನೋ ಆಮ್ಲ ಬದಲಿಸದ ಸ್ಥಾನಗಳನ್ನೂ ನೋಡಿ.