ಕಂಪ್ಯೂಟರ್ ಪ್ರಶ್ನೋತ್ತರ: ಯಾರೂ ಬಳಸದ ಬಿಟ್‌ಗೂ ಟೆಸ್ಟ್ ಬೇಕಾ?

ಪ್ರಶ್ನೆ: ಫೈನಲ್ ಇಯರ್ ಪ್ರಾಜೆಕ್ಟಿಗೆ ನಾವೊಂದು ಪುಟ್ಟ ಹೈಪರ್‌ವೈಸರ್ (ಕಂಪ್ಯೂಟರಿನೊಳಗೆ ಇನ್ನೊಂದು ನಕಲಿ ಕಂಪ್ಯೂಟರ್ ಓಡಿಸುವ ಪ್ರೋಗ್ರಾಂ) ಬರೆದಿದ್ದೇವೆ. ಅದರೊಳಗೆ ಲಿನಕ್ಸ್ ಬೂಟ್ ಆಗುತ್ತದೆ. ಆದರೂ ಪ್ರೊಸೆಸರಿನೊಳಗಿನ ಪುಟ್ಟ ಶೇಖರಣಾ ಜಾಗಗಳಾದ ರಿಜಿಸ್ಟರ್‌ಗಳ ರಿಸರ್ವ್ಡ್ ಬಿಟ್‌ಗಳನ್ನು ಟೆಸ್ಟ್ ಮಾಡಿ ಅಂತಾರೆ ನಮ್ಮ ಗೈಡ್. ಯಾರೂ ಬಳಸದ ಬಿಟ್‌ಗೆ ಟೆಸ್ಟ್ ಯಾಕೆ ಸಾರ್?
– ಒಬ್ಬ ವಿದ್ಯಾರ್ಥಿನಿ, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ಗೈಡ್ ಹೇಳಿದ್ದು ಸರಿ ಇದೆ ಕಣಮ್ಮ. ಲಿನಕ್ಸ್ ಸಂಭಾವಿತ. ಪ್ರೊಸೆಸರಿನಲ್ಲಿ ಏನೇನು ಸೌಲಭ್ಯ ಇದೆ ಅಂತ ಹೇಳುವ ಸಿಪಿಯುಐಡಿಯನ್ನು ಕೇಳಿ, ಇದೆ ಅಂದದ್ದನ್ನು ಮಾತ್ರ ಆನ್ ಮಾಡುತ್ತದೆ. ಹಾಗಾಗಿ ಅದು ಬೂಟ್ ಆದರೂ, ರಿಸರ್ವ್ಡ್ ಬಿಟ್‌ಗೆ ಯಾರಾದರೂ ಬರೆದರೆ ಏನಾಗುತ್ತದೆ ಅನ್ನೋದು ಪರೀಕ್ಷೆ ಆಗಿರೋದಿಲ್ಲ.

ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಟವೆಲ್ ಹಾಕಿದ ಸೀಟು ನೋಡಿದ್ದೀರಲ್ವಾ? ರಿಸರ್ವ್ಡ್ ಬಿಟ್ ಹಾಗೆ, ಮುಂದೆ ಬರುವವರಿಗೆ ಹಿಡಿದಿಟ್ಟ ಜಾಗ. ಎಕ್ಸ್86 (ಇಂಟೆಲ್, ಎಎಂಡಿ) ಪ್ರೊಸೆಸರಿನ ಕಂಟ್ರೋಲ್ ರಿಜಿಸ್ಟರ್ ಸಿಆರ್4ರ 21ನೇ ಬಿಟ್ ಮೊದಲು ಹೀಗೇ ಇತ್ತು. ಆಮೇಲೆ ಅಲ್ಲಿಗೆ ಸ್ಮ್ಯಾಪ್ ಬಂತು. ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ ಅಪ್ಪಿತಪ್ಪಿ ಯೂಸರ್ ಪ್ರೋಗ್ರಾಂಗಳ ಮೆಮೊರಿ ಮುಟ್ಟದಂತೆ ತಡೆಯೋದು ಅದರ ಕೆಲಸ.

ಎಲ್ಲ ರಿಜಿಸ್ಟರ್‌ಗೂ ಒಂದೇ ನಿಯಮ ಅಂದುಕೊಳ್ಳಬೇಡಿ. ಸಿಆರ್4ರ ರಿಸರ್ವ್ಡ್ ಬಿಟ್‌ಗೆ 1 ಬರೆದರೆ ಜನರಲ್ ಪ್ರೊಟೆಕ್ಷನ್ ಫಾಲ್ಟ್, ಅಂದರೆ ಪ್ರೊಸೆಸರ್ ಎತ್ತುವ 13ನೇ ನಂಬರಿನ ತಕರಾರು, ಬರಲೇಬೇಕು. ಇನ್ನೊಂದು ಕಂಟ್ರೋಲ್ ರಿಜಿಸ್ಟರ್ ಸಿಆರ್0ದ ಮೇಲಿನ 32 ಬಿಟ್‌ಗಳಿಗೂ ಹಾಗೇ. ಸಿಆರ್0ದ ಕೆಳಗಿನ 32ರಲ್ಲಿರುವ ರಿಸರ್ವ್ಡ್ ಬಿಟ್‌ಗಳಿಗೆ ಬರೆದರೆ ಪ್ರೊಸೆಸರ್ ಫಾಲ್ಟ್ ಕೊಡದೆ ಅದನ್ನು ಸುಮ್ನೆ ಕಡೆಗಣಿಸುತ್ತದೆ. ಫ್ಲ್ಯಾಗ್ಸ್ ರಿಜಿಸ್ಟರಿನ 1ನೇ ಬಿಟ್ ನೀವು ಏನೇ ಬರೆದರೂ 1 ಆಗಿಯೇ ಇರುತ್ತದೆ. ಮ್ಯಾನ್ಯುಯಲ್ ಪಕ್ಕದಲ್ಲಿಟ್ಟುಕೊಂಡೇ ಟೆಸ್ಟ್ ಬರೆಯಿರಿ.

ನಾನಾದರೆ ಸಿಆರ್4ರ 15ನೇ ಬಿಟ್‌ನಿಂದ ಶುರು ಮಾಡುತ್ತೇನೆ. ಹಳೇ ಬೆಲೆ ಓದಿ, ಆ ಬಿಟ್ ಸೇರಿಸಿ ಗೆಸ್ಟ್ (ನಿಮ್ಮ ಹೈಪರ್‌ವೈಸರ್ ಒಳಗೆ ಓಡುವ ಸಿಸ್ಟಮ್) ಒಳಗಿಂದ ಬರೆಯಿರಿ. ಫಾಲ್ಟ್ ಬಂದರಷ್ಟೇ ಸಾಲದು. ಮತ್ತೆ ಓದಿದಾಗ ಹಳೇ ಬೆಲೆಯೇ ಇರಬೇಕು. ಈ ಎರಡನೇ ಚೆಕ್ ಬಿಟ್ಟುಬಿಡೋರೇ ಜಾಸ್ತಿ.

ಇನ್ನೊಂದು ಮುಖ್ಯ ವಿಷಯ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಸ್ಮ್ಯಾಪ್ ಇರಬಹುದು. ಆದರೆ ಗೆಸ್ಟ್‌ಗೆ ತೋರಿಸುವ ಸಿಪಿಯುಐಡಿಯಲ್ಲಿ ಅದನ್ನು ಮುಚ್ಚಿಟ್ಟಿದ್ದರೆ ಆ ಗೆಸ್ಟ್ ಪಾಲಿಗೆ 21ನೇ ಬಿಟ್ ರಿಸರ್ವ್ಡ್. ಅಸಲಿ ಪ್ರೊಸೆಸರ್ ಇಲ್ಲಿ ತಕರಾರು ಮಾಡೋದಿಲ್ಲ. ಬರೆಯುವುದನ್ನು ನಿಮ್ಮ ಕೋಡೇ ತಡೆದು, ಫಾಲ್ಟ್ ಕೊಡಬೇಕು. ಸುಮ್ಮನೆ ಒಪ್ಪಿಕೊಂಡರೆ, ನಾಳೆ ಅದೇ ಗೆಸ್ಟನ್ನು ಸ್ಮ್ಯಾಪ್ ಇಲ್ಲದ ಹಳೇ ಮೆಷಿನ್‌ಗೆ ಸಾಗಿಸಿದಾಗ ಅಲ್ಲಿ ಓಡೋದೇ ಇಲ್ಲ.

ಲಿನಕ್ಸ್‌ನದೇ ಹೈಪರ್‌ವೈಸರ್ ಆದ ಕೆವಿಎಂ ಪರೀಕ್ಷೆಗೆ ಬರೆದ ಕೆವಿಎಂ ಯೂನಿಟ್ ಟೆಸ್ಟ್ಸ್‌ನ ಸೋರ್ಸ್ ಕೋಡ್ ಎಲ್ಲರಿಗೂ ಸಿಗುತ್ತದೆ. ಆಪರೇಟಿಂಗ್ ಸಿಸ್ಟಮ್ ಇಲ್ಲದೆ ಓಡುವ ಪುಟ್ಟ ಪ್ರೋಗ್ರಾಂಗಳು ಅವು. ಎಕ್ಸ್86 ಫೋಲ್ಡರ್ ತೆಗೆದು, ಫಾಲ್ಟನ್ನು ಹೇಗೆ ಹಿಡಿಯುತ್ತಾರೆ ಅನ್ನೋದನ್ನು ಮೊದಲು ಓದಿ.