ಓದುಗರ ಪ್ರಶ್ನೆ: ಪಿಂಕ್ ಫ್ಲಾಯ್ಡ್ ಕವರ್‌ಗಳಲ್ಲಿ ಗೆದ್ದದ್ದು ಯಾವುದು, ಸೋತದ್ದು ಯಾವುದು?

ಬ್ರಿಟಿಷ್ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ಆಲ್ಬಂ ಕವರ್‌ಗಳಲ್ಲಿ ಅತ್ಯುತ್ತಮ ಯಾವುದು, ತೀರಾ ಕಳಪೆ ಯಾವುದು? ಕೇಳಿದವರೆಲ್ಲ ಪ್ರಿಸಂ ಚಿತ್ರವನ್ನೇ ಹೇಳುತ್ತಾರೆ. ನಿಮ್ಮ ಅಭಿಪ್ರಾಯವೂ ಅದೇನಾ? (ಮೈಸೂರು)

ಅಲ್ಲ. ನಮ್ಮ ಮೊದಲ ಸ್ಥಾನ 1975ರ ‘ವಿಶ್ ಯೂ ವರ್ ಹಿಯರ್’ಗೆ. ಸೂಟು ತೊಟ್ಟ ಇಬ್ಬರು ಕೈಕುಲುಕುತ್ತಿದ್ದಾರೆ, ಒಬ್ಬನ ಮೈಗೆ ಬೆಂಕಿ ಹತ್ತಿದೆ. ಆ ಬೆಂಕಿ ಆಮೇಲೆ ಅಂಟಿಸಿದ್ದಲ್ಲ. ಲಾಸ್ ಏಂಜಲೀಸ್ ಬಳಿಯ ಬರ್ಬ್ಯಾಂಕಿನಲ್ಲಿ, ವಾರ್ನರ್ ಬ್ರದರ್ಸ್ ಸ್ಟುಡಿಯೊ ಆವರಣದಲ್ಲಿ, ಸ್ಟಂಟ್ ಕಲಾವಿದ ರಾನಿ ರಾಂಡೆಲ್ ನಿಜವಾಗಿಯೂ ಬೆಂಕಿ ಹಚ್ಚಿಸಿಕೊಂಡು ನಿಂತಿದ್ದರು. ಸೂಟಿನೊಳಗೆ ಬೆಂಕಿ ತಡೆಯುವ ಉಡುಪು, ವಿಗ್ಗಿನಡಿ ಮುಸುಕು. ಆದರೂ ಗಾಳಿ ತಪ್ಪು ದಿಕ್ಕಿನಿಂದ ಬೀಸಿ ಜ್ವಾಲೆ ಮುಖಕ್ಕೇ ನುಗ್ಗಿತು, ಮೀಸೆ ಸುಟ್ಟಿತು. ಇಬ್ಬರ ಜಾಗವನ್ನು ಅದಲುಬದಲು ಮಾಡಿ ಮತ್ತೆ ತೆಗೆದು, ಚಿತ್ರವನ್ನು ಎಡಬಲ ತಿರುಗಿಸಿ ಅಚ್ಚಿಗೆ ಕೊಟ್ಟರು. ಕವರ್ ಕೈಯಲ್ಲಿದ್ದರೆ ಚಿತ್ರದ ಬಲ ಅಂಚು ನೋಡಿ: ಸುಟ್ಟು ಕಪ್ಪಾದ ಕಲೆಯೊಂದು ಬಿಳಿ ಚೌಕಟ್ಟಿಗೂ ಹರಡಿದೆ.

ಮನಸ್ಸಿಲ್ಲದ ಕೈಕುಲುಕು, ಬ್ಯಾಂಡ್ ಬಿಟ್ಟುಹೋದ ಸಿಡ್ ಬ್ಯಾರೆಟ್, ಇದ್ದೂ ಇಲ್ಲದಂತಿರುವ ಮನುಷ್ಯರು. ಹಾಡುಗಳ ಒಡಲಲ್ಲಿರುವುದೂ ಇದೇ. ಸ್ಟಾರ್ಮ್ ಥೋರ್ಗರ್ಸನ್ ಮತ್ತು ಆಬ್ರಿ ಪವೆಲ್ ನಡೆಸುತ್ತಿದ್ದ, ಈ ಕವರ್ ರೂಪಿಸಿದ ಹಿಪ್ನೋಸಿಸ್ ವಿನ್ಯಾಸ ಸಂಸ್ಥೆ ಇಷ್ಟಕ್ಕೇ ನಿಲ್ಲದೆ ಇಡೀ ಕವರನ್ನು ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಅಂಗಡಿಗೆ ಕಳಿಸಿತು. ಮೇಲೆ ಕಾಣುತ್ತಿದ್ದುದು ಎರಡು ಯಂತ್ರಗೈಗಳ ಸ್ಟಿಕ್ಕರ್ ಮಾತ್ರ. ಕೊಂಡವನು ಹರಿದ ಮೇಲಷ್ಟೇ ಚಿತ್ರ ಕಾಣಿಸುತ್ತಿತ್ತು.

ಪ್ರಿಸಂ ಎರಡನೆಯದು. 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ಗೆ ಸರಳವಾದದ್ದೇನಾದರೂ ಬೇಕು ಎಂದು ಕೇಳಿದವರು ಬ್ಯಾಂಡಿನ ಕೀಬೋರ್ಡ್ ವಾದಕ ರಿಚರ್ಡ್ ರೈಟ್, ಬರೆದವರು ಚಿತ್ರಕಾರ ಜಾರ್ಜ್ ಹಾರ್ಡಿ. ಮುಂಬದಿಯ ಪ್ರಿಸಂ ಬಿಳಿ ಬೆಳಕನ್ನು ಬಣ್ಣಗಳಾಗಿ ಒಡೆಯುತ್ತದೆ, ಹಿಂಬದಿಯ ತಲೆಕೆಳಗಾದ ಪ್ರಿಸಂ ಆ ಬಣ್ಣಗಳನ್ನು ಮತ್ತೆ ಬಿಳಿ ಬೆಳಕಾಗಿಸುತ್ತದೆ. ಹಾಗಾಗಿ ಕವರ್‌ಗಳನ್ನು ಬಿಚ್ಚಿ ಸಾಲಾಗಿ ಜೋಡಿಸುತ್ತಾ ಹೋದರೆ ಬೆಳಕಿನ ಗೆರೆ ಎಲ್ಲೂ ತುಂಡಾಗುವುದಿಲ್ಲ.

ಕೊನೆಯ ಸ್ಥಾನ 1972ರ ‘ಅಬ್ಸ್‌ಕ್ಯೂರ್ಡ್ ಬೈ ಕ್ಲೌಡ್ಸ್’ಗೆ. ಅದು ಮರದ ಮೇಲೆ ಕೂತ ಮನುಷ್ಯನ ಸಿನಿಮಾ ದೃಶ್ಯ, ಫೋಕಸ್ ತಪ್ಪಿಸಿ ಬಣ್ಣದ ಚುಕ್ಕೆಗಳಾಗಿದೆ. ಮಸುಕು ಮಾಡಲು ಕಾರಣ ಬೇಕು. ಇಲ್ಲಿ ಅದು ‘ಮೋಡಗಳು ಮರೆಮಾಡಿದ್ದು’ ಎಂಬರ್ಥದ ಹೆಸರಿಗೆ ಹೊಂದುತ್ತದೆ, ಸಂಗೀತಕ್ಕಲ್ಲ. ಮೊದಲ ಬ್ರಿಟಿಷ್ ಆವೃತ್ತಿಯ ಕವರಿನ ದುಂಡು ಮೂಲೆಗಳಷ್ಟೇ ಇಷ್ಟವಾಗುತ್ತವೆ. 1971ರ ‘ಮೆಡಲ್’ ಕೂಡ ಸೋತದ್ದೇ. ನೀರಿನೊಳಗಿನ ಕಿವಿ ಒಳ್ಳೆಯ ಕಲ್ಪನೆ, ಆದರೆ ಕವರ್ ಪೂರ್ತಿ ಬಿಚ್ಚಿ ತಿರುಗಿಸಿ ಹಿಡಿಯದೆ ಅದು ಕಿವಿ ಎಂದೇ ಗೊತ್ತಾಗುವುದಿಲ್ಲ. ಥೋರ್ಗರ್ಸನ್ ಅವರಿಗೂ ಅದು ಹಿಡಿಸಿರಲಿಲ್ಲ.

‘ಅನಿಮಲ್ಸ್’ ಕವರಿನ ಹಂದಿ ನಿಜಕ್ಕೂ ಹಾರಿತ್ತೇ? (ಹುಬ್ಬಳ್ಳಿ)

ಹಾರಿತ್ತು, ಬೇಕಾದ್ದಕ್ಕಿಂತ ಹೆಚ್ಚೇ. ಸುಮಾರು 12 ಮೀಟರ್ ಉದ್ದದ ಬಲೂನು ಹಂದಿಯನ್ನು 1976ರ ಡಿಸೆಂಬರಿನಲ್ಲಿ ಲಂಡನ್ನಿನ ಬ್ಯಾಟರ್‌ಸೀ ವಿದ್ಯುತ್ ಸ್ಥಾವರದ ಮೇಲೆ ಕಟ್ಟಿದ್ದರು. ಕಿತ್ತುಕೊಂಡರೆ ಹೊಡೆದುರುಳಿಸಲು ಮೊದಲ ದಿನ ಬಂದೂಕುಗಾರನಿದ್ದ, ಎರಡನೆಯ ದಿನ ಅವನನ್ನು ಕರೆಸಿರಲಿಲ್ಲ. ಅಂದೇ ಹಗ್ಗ ಬಿಟ್ಟುಕೊಂಡಿತು. ಹೀಥ್ರೂ ವಿಮಾನಗಳಿಗೆ ತೊಂದರೆ ಕೊಟ್ಟು, ಕೊನೆಗೆ ಕೆಂಟ್ ಪ್ರಾಂತದ ಹೊಲವೊಂದರಲ್ಲಿ ಇಳಿಯಿತು. ಹಂದಿಯನ್ನು ತಂದು ಮತ್ತೆ ಕಟ್ಟಿದಾಗ ಆಕಾಶ ತೀರಾ ತಿಳಿಯಾಗಿತ್ತು. ಹಾಗಾಗಿ ಮೊದಲ ದಿನದ ಮೋಡ ಕವಿದ ಚಿತ್ರಕ್ಕೇ ಹಂದಿಯನ್ನು ಅಂಟಿಸಿದರು.

ನಾಲ್ವರು ಗೆಳೆಯರು ಸೇರಿ ‘ಉಮ್ಮಗುಮ್ಮ’ ಕವರಿನ ಹಾಗೆ ಚಿತ್ರದೊಳಗೆ ಚಿತ್ರ ಮಾಡಬೇಕೆಂದಿದ್ದೇವೆ. ಫೋನಿನಲ್ಲಿ ಆಗುತ್ತದೆಯೇ? (ಶಿವಮೊಗ್ಗ)

ಆಗುತ್ತದೆ, ಟ್ರೈಪಾಡ್ ಕಡ್ಡಾಯ. 1969ರ ಆ ಕವರಿನಲ್ಲಿ ಗೋಡೆಯ ಮೇಲೆ ಅದೇ ದೃಶ್ಯದ ಚಿತ್ರ ತೂಗುತ್ತದೆ. ಪ್ರತಿ ಚಿತ್ರದಲ್ಲೂ ನಾಲ್ವರು ಒಂದೊಂದು ಜಾಗ ಮುಂದೆ ಸರಿದಿರುತ್ತಾರೆ. ನೀವೂ ನಾಲ್ಕು ಫೋಟೊ ತೆಗೆಯಿರಿ. ಒಮ್ಮೆ ನಿಲ್ಲಿಸಿದ ಫೋನು ಅಲುಗಬಾರದು, ಫೋಕಸ್ ಮತ್ತು ಎಕ್ಸ್‌ಪೋಶರ್ ಲಾಕ್ ಆಗಿರಲಿ. ಕಿಟಕಿಯ ಬೆಳಕನ್ನು ನಂಬಿದರೆ ಮೋಡ ಸರಿದಾಗ ಮೂರನೆಯ ಚಿತ್ರ ಬೇರೆ ಬಣ್ಣಕ್ಕೆ ತಿರುಗುತ್ತದೆ.

ಗೋಡೆಯ ಮೇಲೆ ಚೌಕಾಕಾರದ ಖಾಲಿ ಫ್ರೇಮ್ ತೂಗುಹಾಕಿ, ಅದರೊಳಗೆ ಬಿಳಿ ಹಾಳೆ ಇಡಿ. ಅದು ಕ್ಯಾಮೆರಾಗೆ ಸಮಾನಾಂತರವಾಗಿರಬೇಕು. ಓರೆಯಾದರೆ ಆ ಓರೆ ಪ್ರತಿ ಮಟ್ಟದಲ್ಲೂ ಕೂಡುತ್ತಾ ಹೋಗಿ, ಒಳಗಿನ ಚಿತ್ರ ಬಿದ್ದುಹೋಗುವಂತೆ ಕಾಣುತ್ತದೆ. ಹೆಚ್ಚಿನವರು ತಪ್ಪುವುದು ಫ್ರೇಮಿನ ಅಳತೆಯಲ್ಲಿ. ಎಲ್‌ಪಿ ರೆಕಾರ್ಡಿನ ಕವರ್ ಅಳತೆಯ 31.4 ಸೆಂ.ಮೀ. ಮುದ್ರಣದಲ್ಲಿ ಫ್ರೇಮ್ ಚಿತ್ರದ ಅಗಲದ ನಾಲ್ಕನೇ ಒಂದು ಭಾಗವಿದ್ದರೆ, ನಾಲ್ಕನೆಯ ಚಿತ್ರ ಬರೀ ಅರ್ಧ ಸೆಂಟಿಮೀಟರ್, ಮುಖಗಳು ಅಳಿಸಿಹೋಗುತ್ತವೆ. ಮೂರನೇ ಒಂದು ಭಾಗವಿದ್ದರೆ ಅದೇ ಚಿತ್ರ 1.2 ಸೆಂ.ಮೀ. ಸಿಗುತ್ತದೆ, ಯಾರು ಎಲ್ಲಿದ್ದಾರೆಂದು ಗುರುತಿಸಬಹುದು. ಎಲ್ಲ ಫೋಟೊಗಳನ್ನೂ ಚೌಕಕ್ಕೆ ಒಂದೇ ಥರ ಕತ್ತರಿಸಿ, ನಾಲ್ಕನೆಯದನ್ನು ಮೂರನೆಯದರ ಫ್ರೇಮಿನೊಳಗೆ ಕೂರಿಸಿ, ಅದನ್ನು ಎರಡನೆಯದರೊಳಗೆ, ಹೀಗೆ ಒಳಗಿನಿಂದ ಹೊರಗೆ ಬನ್ನಿ. ಮುದ್ರಣಕ್ಕೆ ಒಂದು ಬದಿಗೆ ಸುಮಾರು 3,700 ಪಿಕ್ಸೆಲ್ ಬೇಕು. ಮೂಲ ಕವರಿನ ಅತ್ಯಂತ ಒಳಗೆ ಅವರ 1968ರ ಆಲ್ಬಂ ‘ಎ ಸಾಸರ್‌ಫುಲ್ ಆಫ್ ಸೀಕ್ರೆಟ್ಸ್’ನ ಕವರ್ ಇದೆ. ನೀವೂ ಕೊನೆಯ ಫ್ರೇಮಿನಲ್ಲಿ ಬೇರೇನಾದರೂ ಇಡಿ, ಅದನ್ನು ಖಾಲಿ ಬಿಟ್ಟರೆ ಬಿಳಿ ಚುಕ್ಕೆಯೇ ಕಣ್ಣಿಗೆ ಹೊಡೆಯುತ್ತದೆ.

ನನ್ನ ‘ಡಾರ್ಕ್ ಸೈಡ್’ ಕವರಿನ ಕಪ್ಪಿನ ಮೇಲೆ ಬಿಳಿ ಉಂಗುರ ಮೂಡಿದೆ, ಮಳೆಗಾಲದಲ್ಲಿ ಬೂಷ್ಟೂ ಹಿಡಿಯುತ್ತದೆ. ಫ್ರೇಮ್ ಹಾಕಿಸಿದರೆ ಉಳಿಯುತ್ತದೆಯೇ? (ಮಂಗಳೂರು)

ಉಂಗುರ ಮೂಡುವುದು ಒಳಗಿನ ರೆಕಾರ್ಡಿನ ಅಂಚು ರಟ್ಟನ್ನು ಒತ್ತಿ, ಪಕ್ಕದ ಕವರ್ ಅದಕ್ಕೆ ಉಜ್ಜಿದಾಗ. ಕಪ್ಪು ಕವರಿನಲ್ಲಿ ಅದು ಬೇಗ ಕಾಣುತ್ತದೆ. ಶಾಯಿಯೇ ಸವೆದಿರುವುದರಿಂದ ವಾಪಸ್ ಬರುವುದಿಲ್ಲ. ಮಾರ್ಕರ್ ಹಚ್ಚಬೇಡಿ, ಬೆಳಕಿಗೆ ನೇರಳೆಯಾಗಿ ಮಿನುಗುತ್ತದೆ. ಮುಂದೆ ಸವೆಯದಿರಲು ರೆಕಾರ್ಡನ್ನು ಒಳಚೀಲದ ಸಮೇತ ಹೊರತೆಗೆದು ಕವರಿನ ಹಿಂದಿಟ್ಟು, ಎರಡನ್ನೂ ಒಂದೇ ಪಾಲಿಪ್ರೊಪಿಲೀನ್ ಚೀಲಕ್ಕೆ ಹಾಕಿ. ಪಿವಿಸಿ ಚೀಲ ಬೇಡ, ಸೆಕೆಗೆ ಅದು ಶಾಯಿಗೆ ಅಂಟಿಕೊಳ್ಳುತ್ತದೆ. ನೆಟ್ಟಗೆ ನಿಲ್ಲಿಸಿ, ಇರುಕಿಸಬೇಡಿ.

ಬೂಷ್ಟನ್ನು ಪೂರ್ತಿ ಒಣಗಿದ ಮೇಲೆ, ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಕಟ್ಟಿ ಮೆತ್ತನೆಯ ಬ್ರಶ್ಶಿನಿಂದ ತೆಗೆಯಿರಿ. ಒದ್ದೆ ಬಟ್ಟೆ ಮುಟ್ಟಿಸಿದರೆ ರಟ್ಟು ಉಬ್ಬುತ್ತದೆ. ಫ್ರೇಮ್ ಹಾಕಿಸುವುದಾದರೆ ರೆಕಾರ್ಡ್ ಹೊರಗಿರಲಿ, ಗಾಜಿಗೂ ಕವರಿಗೂ ನಡುವೆ 3 ಮಿ.ಮೀ. ಅಂತರಪಟ್ಟಿ ಇರಲಿ. ಗಾಜಿಗೆ ತಾಗಿದ ಕವರ್ ತೇವಕ್ಕೆ ಅಂಟಿಕೊಂಡು, ಬಿಚ್ಚುವಾಗ ಶಾಯಿಯೂ ಕಿತ್ತುಬರುತ್ತದೆ. ಹಿಂದೆ ಆಮ್ಲರಹಿತ ರಟ್ಟು, ಹಿಡಿದಿಡಲು ಕಾಗದದ ಮೂಲೆಗಳು; ಟೇಪು, ಗೋಂದು ಬೇಡ. ಮಳೆ ಹೊಡೆಯುವ ಹೊರಗೋಡೆಗೆ ತೂಗುಹಾಕಬೇಡಿ.

‘ಪಲ್ಸ್’ ಸೀಡಿ ಪೆಟ್ಟಿಗೆಯ ಬೆನ್ನಿನ ಕೆಂಪು ದೀಪ ಮಿನುಗುತ್ತಿಲ್ಲ. ಸರಿಮಾಡಬಹುದೇ? (ಬೆಳಗಾವಿ)

1995ರ ಆ ಪೆಟ್ಟಿಗೆಯೊಳಗೆ ಡಬಲ್ ಎ ಸೆಲ್ ಇದೆಯೇ ನೋಡಿ, ಸತ್ತಿದ್ದರೆ ಇವತ್ತೇ ತೆಗೆಯಿರಿ. ಸೋರಿದ ಆಲ್ಕಲೈನ್ ಸೆಲ್ಲಿನ ಬಿಳಿ ಪುಡಿಯನ್ನು ವಿನೆಗರ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಒಣಗಿಸಿ, ಹೊಸ ಸೆಲ್ಲಿನ ಋಣ ತುದಿ ಸ್ಪ್ರಿಂಗಿನ ಕಡೆ ಬರುವಂತೆ ಕೂರಿಸಿ. ಎತ್ತಿಡುವುದಾದರೆ ಸೆಲ್ ತೆಗೆದೇ ಇಡಿ.